ನಾಲ್ಕು ಎಲೆಯ ತೊಗರಿಬೇಳೆ

ಪರರ ನೀತಿಯನ್ನು ತೂಗುವುದು ಮನುಷ್ಯ ಮೈಮೇಲೆ ಹಾಕಿಕೊಂಡ ಕೆಲಸಗಳಲ್ಲೆಲ್ಲ ಅತ್ಯಂತ ಗುರುತರವಾದದ್ದು. ಅದಕ್ಕೆ ನಿರ್ಮಲವಾದ ಮನಸ್ಸು, ಪಕ್ಷಪಾತವಿಲ್ಲದ ಕಣ್ಣು, ಆಳವಾದ ಲೋಕಾನುಭವ ಬೇಕೆಂದು ತಿಳಿದವರು ಹೇಳುತ್ತಾರೆ. ನನ್ನ ಬಳಿ ಇದ್ದದ್ದು ಎರಡೂ ಬದಿ ಮುದ್ರಿಸಿದ ನೂರಾ ಹದಿನಾರು ಪ್ರಶ್ನೆಗಳ ಒಂದು ನಮೂನೆ, ಎರಡು ಪೆನ್ನು ಮತ್ತು ಒಂದು ನೀರಿನ ಬಾಟಲಿ.

ನಮ್ಮದು ಗ್ರಾಹಕರ ಪರವಾಗಿ ಕಂಪನಿಗಳ ನಡತೆಗೆ ಅಂಕ ಕೊಡುವ ಸಂಸ್ಥೆ. ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಹೊಲಸು ನೀರನ್ನು ಎಲ್ಲಿಗೆ ಬಿಡುತ್ತಾರೆ, ಪೊಟ್ಟಣದ ಮೇಲೆ ಬರೆದದ್ದು ಖರೆಯೋ ಸುಳ್ಳೋ, ಇದೆಲ್ಲ ನೋಡಿ ಒಂದರಿಂದ ಐದರವರೆಗೆ ಹಸಿರು ಎಲೆ ಕೊಡುತ್ತೇವೆ. ಕಂಪನಿಯವರು ಆ ಎಲೆಗಳನ್ನು ಪೊಟ್ಟಣದ ಮೂಲೆಯಲ್ಲಿ ಅಚ್ಚು ಹಾಕಿಸುತ್ತಾರೆ. ದೂರದ ದೊಡ್ಡ ಊರಿನ ಅಂಗಡಿಯಲ್ಲಿ ಒಬ್ಬರು ಎರಡು ಪೊಟ್ಟಣ ಕೈಯಲ್ಲಿ ಹಿಡಿದು, ಎಲೆ ಎಣಿಸಿ, ಒಂದನ್ನು ಕಪಾಟಿಗೆ ವಾಪಸು ಇಡುತ್ತಾರೆ. ಆ ಒಂದು ಕ್ಷಣಕ್ಕಾಗಿ ನಾವೆಲ್ಲ ಸಂಬಳ ತೆಗೆದುಕೊಳ್ಳುತ್ತಿದ್ದೆವು.

ಹುಮನಾಬಾದಿನ ಹೊರಗಿನ ಒಂದು ತೊಗರಿಬೇಳೆ ಗಿರಣಿಗೆ ನಾಲ್ಕು ಎಲೆ ಇದ್ದವು. ಅವರು ಕಳಿಸಿದ ಕಾಗದ ಮತ್ತು ಫೋಟೋ ನೋಡಿ ಕೊಟ್ಟ ಎಲೆಗಳು ಅವು. ಒಂದು ದಿನ ನಿವೃತ್ತ ಶಿಕ್ಷಕಿಯೊಬ್ಬರು ಕಚೇರಿಗೆ ಬರೆದರು: ‘ಪೊಟ್ಟಣದ ಮೇಲೆ ಧೂಳುಮುಕ್ತ ಗಿರಣಿಯಲ್ಲಿ ತಯಾರಾದದ್ದು ಎಂದಿದೆ. ಹೋಗಿ ನೋಡಿದವರು ಯಾರು?’ ಈ ಪ್ರಶ್ನೆ ಎರಡು ವಾರ ಮೇಜಿನಿಂದ ಮೇಜಿಗೆ ತಿರುಗಿತು. ಕಡೆಗೆ, ಅದಕ್ಕೆ ಉತ್ತರ ನಾನು ಎಂದು ತೀರ್ಮಾನವಾಯಿತು.

ಪರೀಕ್ಷಕನಿಗೆ ನಿಯಮಗಳಿದ್ದವು. ಗಿರಣಿ ಇರುವ ಊರಿನಲ್ಲಿ ತಂಗತಕ್ಕದ್ದಲ್ಲ. ಅವರ ಗಾಡಿ ಹತ್ತತಕ್ಕದ್ದಲ್ಲ. ಮಾಲೀಕರಿಂದಾಗಲಿ ಕೆಲಸಗಾರರಿಂದಾಗಲಿ ಉಣ್ಣುವ, ಕುಡಿಯುವ ಯಾವ ವಸ್ತುವನ್ನೂ ಸ್ವೀಕರಿಸತಕ್ಕದ್ದಲ್ಲ. ಸ್ವೀಕರಿಸಿದರೆ ಬರೆದು ತಿಳಿಸಬೇಕು, ತಿಳಿಸಿದರೆ ವರದಿ ರದ್ದು. ಹೀಗಾಗಿ ನಾನು ಬಸವಕಲ್ಯಾಣದಲ್ಲಿ ರೂಮು ಹಿಡಿದೆ. ಒಂದು ಕಾಲಕ್ಕೆ ಜಾತಿ ಬಿಟ್ಟು ಒಂದೇ ಸಾಲಿನಲ್ಲಿ ಕೂತು ಉಂಡವರ ಊರಲ್ಲಿ ವಸತಿ ಮಾಡಿಕೊಂಡು, ದಿನಾ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಯಾರೊಂದಿಗೂ ಉಣ್ಣದೆ ಹಿಂದಕ್ಕೆ ಬರುವುದು ನನ್ನ ಕರ್ತವ್ಯವಾಗಿತ್ತು. ಅದರಲ್ಲಿ ಏನಾದರೂ ವಿಚಿತ್ರವಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಸೋಮವಾರ ಗಿರಣಿಯ ಮ್ಯಾನೇಜರು ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ದುಂಡು ಮುಖದ, ಯಾವುದಕ್ಕೂ ಸಿಟ್ಟಾಗದ ಮನುಷ್ಯ.

‘ಬರ್ರಿ ಸಾಹೇಬ್ರ, ಕೂಡ್ರಿ. ಚಾ ಹೇಳ್ತೀನಿ.’

‘ಬೇಡ.’

‘ಶುಗರ್ ಅದೇನ್ರಿ? ಫೀಕಾ ತರಸ್ತೀನಿ ಬಿಡ್ರಿ.’

ಆ ಸೀಮೆಯಲ್ಲಿ ಚಹಾ ಬೇಡವೆನ್ನಲು ಸಕ್ಕರೆ ರೋಗವೊಂದೇ ಗೌರವದ ಕಾರಣ, ಅದಕ್ಕೂ ಅವರಲ್ಲಿ ಪರಿಹಾರವಿತ್ತು. ಹೌದೆಂದು ಒಂದು ಸುಳ್ಳು ಹೇಳಬಹುದಿತ್ತು. ನೀತಿ ತೂಗಲು ಬಂದವನು ಮೊದಲ ಐದು ನಿಮಿಷದಲ್ಲೇ ಸುಳ್ಳು ಹೇಳುವುದು ಚೆನ್ನಾಗಿರುವುದಿಲ್ಲ ಎಂದು, ‘ಶುಗರ್ ಇಲ್ಲ. ನಿಯಮ’ ಅಂದೆ.

‘ಚಾಕ್ಕೂ ನಿಯಮ ಏನ್ರಿ?’ ಅಂದರು ಮ್ಯಾನೇಜರು, ನಿಜವಾದ ಕನಿಕರದಿಂದ.

ತೊಗರಿಯ ಸಿಪ್ಪೆ ಸುಲಿದು ಎರಡು ಹೋಳು ಮಾಡುವಾಗ ಹಿಟ್ಟಿನಂಥ ಧೂಳು ಏಳುತ್ತದೆ. ಯಂತ್ರದಿಂದ ಬೇಳೆಯ ಜೊತೆ ಅದೂ ಇಳಿದು ಬರುತ್ತದೆ. ಕೆಳಗೆ ಉದ್ದನೆಯ ಮೇಜುಗಳ ಎರಡೂ ಕಡೆ ಹೆಂಗಸರು ಕೂತು ಹರಳು, ಕಪ್ಪು ಕಾಳು, ಸಿಪ್ಪೆ ಬಿಡದ ಕಾಳು ಆರಿಸುತ್ತಾರೆ. ಬಗ್ಗಿಯೇ ಇರಬೇಕು, ಮೂಗಿಗೂ ಬೇಳೆಗೂ ಒಂದು ಗೇಣು. ಧೂಳು ಎಳೆದುಕೊಳ್ಳಲು ಪ್ರತಿ ಮೇಜಿನ ಮೇಲೂ ದಪ್ಪ ತಗಡಿನ ಕೊಳವೆ ಇಳಿಬಿಟ್ಟಿದ್ದರು. ಎಲ್ಲ ಕೊಳವೆಗಳೂ ಹೊರಗಿನ ದೊಡ್ಡ ಯಂತ್ರಕ್ಕೆ ಸೇರಿ, ಅಲ್ಲಿ ಬಟ್ಟೆಯ ಚೀಲಗಳಲ್ಲಿ ಧೂಳು ನಿಲ್ಲುತ್ತದೆ. ಸೊಂಡಿಲಿನಂಥ ಕೊಳವೆ ನೋಡಿ ಹೆಂಗಸರು ಆ ಯಂತ್ರಕ್ಕೆ ಆನಿ ಎಂದು ಹೆಸರಿಟ್ಟಿದ್ದರು. ಆನೆ ಆ ದಿನ ಭೋರೆಂದು ಒದರುತ್ತಿತ್ತು. ಹೆಂಗಸರೆಲ್ಲ ಬಿಳಿ ಮಾಸ್ಕು ಹಾಕಿದ್ದರು. ಒಬ್ಬರದು ತಲೆಕೆಳಗಾಗಿತ್ತು.

ನಾನು ಹೊರಗೆ ಹೋಗಿ ಚೀಲ ನೋಡಿದೆ. ಎರಡು ವರ್ಷದ ಯಂತ್ರದ ಚೀಲಗಳು ಮದುವೆ ಮನೆಯ ಹಾಸಿನಷ್ಟು ಬೆಳ್ಳಗಿದ್ದವು. ಯಂತ್ರ ಎಷ್ಟು ತಾಸು ಓಡಿದೆ ಎಂದು ತೋರಿಸುವ ಪುಟ್ಟ ಮೀಟರು ಪಕ್ಕದ ಡಬ್ಬಿಯಲ್ಲಿತ್ತು. ಒಂಬತ್ತು ತಾಸು ಎಂದು ತೋರಿಸುತ್ತಿತ್ತು.

‘ಎರಡು ವರ್ಷಕ್ಕೆ ಒಂಬತ್ತು ತಾಸೇ?’

‘ಮೀಟರ್ ಹೊಸಾದ್ರಿ. ಹಳೀದು ಸುಟ್ಟ ಹೋಗ್ಯದ.’

‘ಚೀಲ?’

‘ಅವೂ ಹೊಸಾವ್ರಿ.’

‘ಎಲ್ಲ ಒಟ್ಟಿಗೇ ಹಾಳಾದವೇ?’

‘ನಸೀಬ್ರಿ ಸಾಹೇಬ್ರ’ ಅಂದರು ಮ್ಯಾನೇಜರು.

ನಮ್ಮ ನಮೂನೆಯ ಪ್ರಕಾರ ಹೊಸ ಚೀಲಕ್ಕೆ ಹೆಚ್ಚುವರಿ ಅಂಕವಿತ್ತು. ಕೊಟ್ಟೆ.

ಒಳಗೆ ಬಂದು ಮೇಜಿನ ಪಕ್ಕ ನಿಂತಾಗ ನನಗೇ ಕೆಮ್ಮು ಹತ್ತಿತು. ಸಾಲಿನ ತುದಿಯಲ್ಲಿದ್ದ ಎಲ್ಲರಿಗಿಂತ ಹಿರಿಯ ಹೆಂಗಸು, ಅರವತ್ತು ದಾಟಿದವರು, ಎದ್ದು ತಮ್ಮ ತಂಬಿಗೆ ಮುಂದೆ ಹಿಡಿದರು. ಅವರೂ ಕೆಮ್ಮುತ್ತಿದ್ದರು, ಆದರೆ ಅಭ್ಯಾಸವಾದವರ ಹಾಗೆ, ಕೆಲಸ ನಿಲ್ಲಿಸದೆ. ‘ನೀರ ಕುಡೀರಿ ಸಾಹೇಬ್ರ’ ಅಂದರು. ನಾನು ಕೈ ಅಡ್ಡ ಮಾಡಿ, ಚೀಲದಿಂದ ನನ್ನ ಬಾಟಲಿ ತೆಗೆದು ತೋರಿಸಿ, ಅದರಿಂದ ಕುಡಿದೆ. ಅವರು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಿಂದ ಅದರ ಬಾಯಿ ಮುಚ್ಚಿ ಕೂತರು. ಮೇಜಿನ ಸುತ್ತ ಇದ್ದ ಮಾತು ನಿಂತಿತು. ನಾನು ನಿಯಮ ಪಾಲಿಸಿದ ತೃಪ್ತಿಯಲ್ಲಿದ್ದೆ.

ಮಂಗಳವಾರ ಹೇಳಿಕೆಗಳು. ಚೀಲ ಹೊಸದು, ಮೀಟರು ಹೊಸದು ಎಂದ ಮೇಲೆ ಉಳಿದದ್ದು ಅದೊಂದೇ: ಮೂವರು ಕೆಲಸಗಾರರು, ಮಾಲೀಕರ ಕಡೆಯವರಿಲ್ಲದ ಕಡೆ, ತಮ್ಮದೇ ಮಾತಿನಲ್ಲಿ ಒಂದೇ ಸಂಗತಿ ಹೇಳಿದರೆ ಅದು ಸಾಕ್ಷ್ಯ. ಹೆಸರಿನ ಚೀಟಿ ಎತ್ತಿ ಎಂಟು ಜನರನ್ನು ಆರಿಸಿದೆ. ಲಾರಿ ತೂಗುವ ಕಟ್ಟೆಯ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ.

‘ಆನೆ ದಿನಾ ನಡೆಯುತ್ತದೆಯೇ?’

‘ಎಲ್ಲಾ ಛಲೋ ಅದ್ರಿ.’

‘ಎಲ್ಲಾ ಅಂದರೆ?’

‘ಎಲ್ಲಾ ಅಂದ್ರ ಎಲ್ಲಾನೂ ರೀ.’

‘ಮಾಸ್ಕು ಯಾವಾಗ ಕೊಟ್ಟರು?’

‘ಕೊಟ್ಟಾರ್ರಿ.’

ಎಂಟೂ ಜನ ಇದನ್ನೇ ಹೇಳಿದರು. ಭಯಪಟ್ಟವರ ಹಾಗೇನೂ ಇರಲಿಲ್ಲ. ಬಾಗಿಲಿಗೆ ಬಂದ ಅಪರಿಚಿತನಿಗೆ ಮನೆಯವರಿಲ್ಲ ಎಂದು ಹೇಳಿ ಕಳಿಸುವವರ ಹಾಗೆ ಇತ್ತು. ಎಂಟನೆಯವರು ಆ ಹಿರಿಯ ಹೆಂಗಸೇ. ಮೇಜಿನ ಮೇಲಿದ್ದ ನನ್ನ ಬಾಟಲಿಯನ್ನು ಒಮ್ಮೆ ನೋಡಿ, ‘ನಮ್ದು ಏನೂ ತಕರಾರ್ ಇಲ್ರಿ’ ಅಂದು ಎದ್ದು ಹೋದರು. ಹೊರಗೆ ಅವರು ಕೆಮ್ಮಿದ್ದು ಕೇಳಿಸಿತು. ಕೆಮ್ಮು ತಮ್ಮದೇ ಮಾತಿನಲ್ಲಿ ಕೊಟ್ಟ ಹೇಳಿಕೆಯಾಗುವುದಿಲ್ಲ.

ಆ ಸಂಜೆ ಕಲ್ಯಾಣದಲ್ಲಿ ಕತ್ತಲಾಗುವ ಮೊದಲೇ ಖಾನಾವಳಿಗೆ ಹೋಗಿ ಗೋಡೆಗೆ ಮುಖ ಮಾಡಿ ಉಂಡೆ. ಲಾಡ್ಜಿನವನು ಬೀಗದ ಕೈ ಕೊಡುತ್ತಾ, ‘ಇವತ್ತೂ ಒಬ್ರೇನ್ರಿ?’ ಅಂದ. ಎರಡು ಮಂಚದ ರೂಮು ಕೊಟ್ಟಿದ್ದಕ್ಕೆ ಅವನಿಗೆ ಸಂಕಟವಿತ್ತು ಎಂದು ಕಾಣುತ್ತದೆ. ಒಂದು ಮಂಚದ ಮೇಲೆ ನಾನು ಮಲಗಿದೆ, ಇನ್ನೊಂದರ ಮೇಲೆ ನಮೂನೆಗಳನ್ನು ಹರಡಿದೆ. ಇಪ್ಪತ್ತು ವರ್ಷದಿಂದ ಹೀಗೇ ಊರೂರು ತಿರುಗಿದ್ದೇನೆ, ಯಾವ ಊರಲ್ಲೂ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಅದು ನಿಷ್ಪಕ್ಷಪಾತದ ಲಕ್ಷಣ ಎಂದು ತಿಳಿದುಕೊಂಡಿದ್ದೆ.

ಬುಧವಾರ ಹೇಳದೆ ಕೇಳದೆ ಬೆಳಿಗ್ಗೆ ಏಳಕ್ಕೇ ಗಿರಣಿಗೆ ಹೋದೆ. ಇದಕ್ಕೆ ನಿಯಮದಲ್ಲಿ ಅವಕಾಶವಿತ್ತು. ಗೇಟಿನ ಕಾವಲುಗಾರ ನನಗೆ ಸಲಾಂ ಮಾಡಿ, ಫೋನು ಕಿವಿಗಿಟ್ಟುಕೊಂಡ. ಗೇಟಿನಿಂದ ಶೆಡ್ಡಿಗೆ ಇನ್ನೂರು ಹೆಜ್ಜೆ. ನೂರನೆಯ ಹೆಜ್ಜೆಗೆ ಆನೆ ಒದರತೊಡಗಿತು. ನಾನು ಓಡಿಹೋಗಿ ಮೋಟರಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಶೆಡ್ಡಿನೊಳಗೆ ಬಾಗಿಲ ಬೆಳಕಿನಲ್ಲಿ ಧೂಳು ಹಳದಿ ಪರದೆಯ ಹಾಗೆ ನಿಂತಿತ್ತು, ಅದರ ಹಿಂದೆ ಹೆಂಗಸರು ಅವಸರವಾಗಿ ಮಾಸ್ಕು ಕಟ್ಟಿಕೊಳ್ಳುತ್ತಿದ್ದರು.

ಮ್ಯಾನೇಜರು ಏದುಸಿರು ಬಿಡುತ್ತಾ ಬಂದರು. ‘ಈಗಷ್ಟೇ ಶಿಫ್ಟ್ ಚಾಲೂ ಆಗ್ಯದ್ರಿ.’

ಇರಬಹುದು. ಮೋಟರಿನ ಬಿಸಿಯನ್ನು ಉಪಕರಣದಿಂದ ಅಳೆಯತಕ್ಕದ್ದು ಎಂದು ಕೈಪಿಡಿಯಲ್ಲಿದೆ. ನನ್ನ ಹತ್ತಿರ ಇದ್ದ ಉಪಕರಣ ಅಂಗೈ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬಿಸ್ಕತ್ತು ತಿಂದೆ. ಮೂವತ್ತು ಹೆಜ್ಜೆ ಆಚೆ ಹೆಂಗಸರು ದುಂಡಗೆ ಕೂತು ಬುತ್ತಿ ಬಿಚ್ಚಿದ್ದರು. ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಗೆ, ಇನ್ನೊಬ್ಬರ ಹಿಂಡಿ ಎಂಬ ಚಟ್ನಿಪುಡಿ ಮತ್ತೊಬ್ಬರ ಕೈಗೆ ದಾಟುತ್ತಿತ್ತು, ನಗು ಜೋರಾಗಿತ್ತು. ನಾನು ಕೈ ತೊಳೆಯಲು ನಳದ ಕಡೆ ಹೋದೆ. ನಗು ನಿಂತಿತು. ಹಿಂದಕ್ಕೆ ಬಂದು ಮರದ ಕೆಳಗೆ ಕೂತೆ. ಮತ್ತೆ ಶುರುವಾಯಿತು.

ಗುರುವಾರ ಸಂಜೆ ಕಲ್ಯಾಣದ ಬಸ್ಸಿನಲ್ಲಿ ಕೂತಿದ್ದಾಗ ಆ ಹಿರಿಯ ಹೆಂಗಸು ಹತ್ತಿದರು. ರಾಜೇಶ್ವರದಲ್ಲಿ ಇಳಿಯುವವರು. ಬಸ್ಸು ತುಂಬಿತ್ತು, ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಅವರು ಬಂದು ಕಂಬ ಹಿಡಿದು ನಿಂತರು.

‘ಕೂತುಕೊಳ್ಳಿ ಅಮ್ಮಾ’ ಅಂದೆ.

‘ಬ್ಯಾಡ್ರಿ. ನಿಂತೇ ಹೋಗ್ತೀನಿ.’

‘ಜಾಗ ಇದೆಯಲ್ಲ.’

‘ಜಾಗಾ ಅದ ರೀ. ನಿಮಗ ನಡೀಬೇಕಲ್ಲ?’

‘ನನಗೇನು ನಡೆಯಬೇಕು?’

ಅವರು ನಕ್ಕರು. ಹಂಗಿಸುವ ನಗೆಯೂ ಅಲ್ಲ, ಬಿಟ್ಟು ಕೊಡುವ ನಗೆಯೂ ಅಲ್ಲ. ‘ನಮ್ ನೀರ ನಡಿಯಲ್ಲಂದ್ರ, ಬಾಜೂಕ ಕೂತ್ರ ನಡೀತದೇನ್ರಿ ಸಾಹೇಬ್ರ? ನಿಮ್ಮಂಥಾವ್ರ ನೋಡೀನಿ ನಾ. ಬಾಟ್ಲಿ ಜತಿಗೇ ತಗೊಂಡ್ ತಿರಗಾವ್ರು.’

ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು. ನಾಲ್ಕು ದಿನದ ಮೌನ, ಎಂಟು ಜನರ ‘ಎಲ್ಲಾ ಛಲೋ’, ಸೆರಗಿನಿಂದ ಮುಚ್ಚಿದ ತಂಬಿಗೆ, ಎಲ್ಲಕ್ಕೂ ಅರ್ಥ ಒಮ್ಮೆಗೇ ಬಂತು.

‘ಅದಲ್ಲಮ್ಮ. ನನಗೆ ಯಾರದ್ದೂ ನಡೆಯೋದಿಲ್ಲ. ನಿಯಮ ಅದು. ಸಾಹುಕಾರರ ಚಹಾ ಕೂಡ ಕುಡೀಲಿಲ್ಲ, ಬೇಕಾದರೆ ಕೇಳಿ.’

‘ಸಾವ್ಕಾರ್ರ ಚಾ ಬಿಟ್ರ ಅದು ನಿಮ್ ದೊಡ್ಡಸ್ತಿಕಿ’ ಅಂದರು. ‘ನಮ್ ನೀರ ಬಿಟ್ರ ಅದು ಬ್ಯಾರೇನೇ ಆತದ್ರಿ. ನಿಮ್ ನಿಯಮಕ್ಕ ಇದು ತಿಳಿಯಲ್ಲೇನು?’

ನಿಯಮಕ್ಕೆ ತಿಳಿದಿರಲಿಲ್ಲ. ರಾಜೇಶ್ವರದವರೆಗೂ ಅವರು ನಿಂತೇ ಬಂದರು. ನಾನೂ ಎದ್ದು ನಿಂತೆ. ಇಬ್ಬರೂ ನಿಂತದ್ದು ನೋಡಿ ಕಂಡಕ್ಟರು ಎರಡು ಸೀಟಿಗೆ ಬೇರೆ ಯಾರನ್ನೋ ಕೂರಿಸಿದ.

ರೂಮಿಗೆ ಬಂದು ನಮ್ಮ ಮೇಲಧಿಕಾರಿಗೆ ಫೋನು ಮಾಡಿದೆ. ಒಳ್ಳೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು, ನಿಯಮಾವಳಿಯನ್ನು ಬಾಯಿಪಾಠ ಮಾಡಿಕೊಂಡವರು.

‘ಒಂದು ತಂಬಿಗೆ ನೀರು ಕುಡಿಯಬಹುದೇ?’

‘ಯಾರ ತಂಬಿಗೆ ಸರ್?’

ಹೇಳಿದೆ. ‘ನಿಮ್ಮ ಸಂಕಟ ಅರ್ಥ ಆಗ್ತದೆ ಸರ್. ಆದರೆ ಕುಡಿದರೆ ಬರೀಬೇಕು, ಬರೆದರೆ ವರದಿ ರದ್ದಾಗ್ತದೆ. ಆಮೇಲೆ ನಿಮ್ಮನ್ನ ಹೊರಗಿನ ಕೆಲಸಕ್ಕೆ ಕಳಿಸೋದೂ ಕಷ್ಟ. ಬೇಕಾದರೆ ಅವರ ಕ್ಷಮೆ ಕೇಳಿ.’

‘ಬಾಯಲ್ಲಿ ಕ್ಷಮೆ ಕೇಳಿ, ಕೈಯಲ್ಲಿ ಬಾಟಲಿ ಹಿಡಿದಿರಲೇ?’

ಫೋನು ಇಟ್ಟೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಮರುದಿನ ಮಾಡುವುದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದು ಚೀಟಿಯಲ್ಲಿ ಬರೆದೆ. ಬರೀ ಎರಡು ಸಾಲು.

ಶುಕ್ರವಾರ ಬೆಳಿಗ್ಗೆ ಗಿರಣಿಗೆ ಹೋದವನೇ ಆನೆಯ ಮೀಟರಿನ ಡಬ್ಬಿಗೆ ಮುದ್ರೆ ಹಚ್ಚಿದೆ. ಬೇಳೆಯ ಮಾದರಿ ಚೀಲಗಳಿಗೆ ಹಚ್ಚಲು ನಂಬರು ಇರುವ ಕಾಗದದ ಪಟ್ಟಿ ಕೊಟ್ಟಿರುತ್ತಾರೆ, ಕೀಳಲು ಹೋದರೆ ಹರಿಯುತ್ತದೆ. ಎರಡು ಪಟ್ಟಿಯನ್ನು ಸ್ಕ್ರೂಗಳ ಮೇಲೆ ಅಂಟಿಸಿದೆ. ಅಂಕಿ ಕಾಣಬೇಕು, ಮೀಟರು ಬದಲಿಸಲು ಬರಬಾರದು. ಐದನೆಯ ದಿನಕ್ಕೆ ನಲವತ್ತೊಂದು ತಾಸು ಎಂದಿತ್ತು. ಬರೆದುಕೊಂಡೆ.

‘ಇದು ನಿಮ್ ನಮೂನ್ಯಾಗ ಅದೇನ್ರಿ?’ ಅಂದರು ಮ್ಯಾನೇಜರು. ಮೊದಲ ಬಾರಿಗೆ ಮುಖದ ದುಂಡು ಸ್ವಲ್ಪ ಕಡಿಮೆಯಾಗಿತ್ತು.

‘ಇಲ್ಲ.’

‘ಮತ್ತ?’

‘ಹಚ್ಚಬಾರದು ಅಂತಲೂ ಇಲ್ಲ. ಮುಂದೆ ಬರುವವರು ಇದನ್ನೇ ಓದುತ್ತಾರೆ. ಸಹಿ ಹಾಕಿ.’

ಹೇಳಿಕೆಗಳೆಲ್ಲ ತಮ್ಮ ಪರವಾಗಿವೆ ಎಂದು ಅವರಿಗೆ ಗೊತ್ತಿತ್ತು. ಸಹಿ ಹಾಕಿದರು. ಗಂಟೆ ಹತ್ತೂಕಾಲು ಎಂದು ಸಮಯವನ್ನೂ ಬರೆಸಿದೆ. ಆವರೆಗೆ ನಾನು ನಿಯಮದ ಪ್ರಕಾರ ನಿಷ್ಕಳಂಕ.

ಇಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಊಟದ ಹೊತ್ತಿಗೆ ಬಸ್ಸು ಹತ್ತಬಹುದಿತ್ತು. ಬೇವಿನ ಮರದಿಂದ ಮೂವತ್ತು ಹೆಜ್ಜೆ ನಡೆದು, ಹೆಂಗಸರ ದುಂಡಿನ ಅಂಚಿಗೆ ನಿಂತು, ಬಾಟಲಿಯ ನೀರನ್ನು ಅವರೆದುರೇ ನೆಲಕ್ಕೆ ಸುರಿದೆ. ನಾಟಕದ ಹಾಗೆ ಕಂಡಿರಬೇಕು. ‘ಅಮ್ಮಾ, ನೀರು ಕೊಡಿ’ ಅಂದೆ.

ಹಿರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ನೆಲದ ಮೇಲೆ ಕೈ ಬಡಿದರು. ‘ನಿಂತ್ ಕುಡೀಬಾರ್ದು. ಕೂಡು ತಮ್ಮಾ.’

ಕುಡಿದೆ. ಕೈಗೆ ರೊಟ್ಟಿ ಬಂತು, ರೊಟ್ಟಿಯ ಮೇಲೆ ಪುಂಡಿಪಲ್ಯ, ಅದರ ಪಕ್ಕ ಶೇಂಗಾ ಹಿಂಡಿ. ‘ಖಾರ ತಡೀತಾರೋ ಇಲ್ಲೋ ಕೇಳ್ರೆ’ ಅಂದಳು ಒಬ್ಬಳು. ‘ಆ ಪುಸ್ತಕದ ಕನ್ನಡ ಮಾತಾಡಾವ್ರು ಏನ್ ತಡೀತಾರ’ ಅಂದಳು ಇನ್ನೊಬ್ಬಳು. ತಡೆಯಲಿಲ್ಲ. ಕಣ್ಣಲ್ಲಿ ನೀರು ಬಂದು, ಎಲ್ಲರೂ ನಕ್ಕು, ಆ ನಗುವಿನ ಮೇಲೆಯೇ ಮಾತು ಶುರುವಾಯಿತು.

ಆನೆ ಒದರುವುದು ಪರೀಕ್ಷೆಯವರು ಬಂದಾಗ ಮಾತ್ರ. ಚೀಲ, ಮೀಟರು ಹೋದ ವಾರ ಹಾಕಿದ್ದು. ಮಾಸ್ಕು ಸೋಮವಾರ ಬೆಳಿಗ್ಗೆ ಕೊಟ್ಟದ್ದು, ಶನಿವಾರ ವಾಪಸು ಕೊಡಬೇಕು. ಹಿರಿಯ ಹೆಂಗಸಿಗೆ ಎರಡು ವರ್ಷದಿಂದ ಕೆಮ್ಮು, ಈಗ ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ.

‘ಎಲಿ ಉದುರಿದ್ರ ಗಿರಣಿ ಬಂದ್ ಆತದೇನ್ರಿ?’ ಅಂದಳು ಖಾರದ ಮಾತೆತ್ತಿದವಳು. ‘ದೊಡ್ಡ ಅಂಗಡ್ಯಾವ್ರು ಮಾಲ ತಗೊಳ್ಳಂಗಿಲ್ಲಂತ. ನಮ್ಗೇನ್ ಗತಿ?’

‘ಬಂದ್ ಯಾಕ ಆತದ? ಆನಿ ಚಾಲೂ ಮಾಡಂತ ಹೇಳಾಕತ್ತೇವಿ, ಬಾಗಲ ಹಾಕಂತಲ್ಲ’ ಅಂದರು ಹಿರಿಯರು. ನನ್ನ ಕಡೆ ತಿರುಗಿ, ‘ನಮಗ ಎಲಿ ಗಿಲಿ ತಿಳಿಯಲ್ಲ ತಮ್ಮಾ. ಆನಿ ದಿನಾ ನಡೀಲಿ. ಅಷ್ಟ ಬರ್ಕೋ.’

ಅಷ್ಟು ಸ್ಪಷ್ಟವಾದ ಸಾಕ್ಷ್ಯ ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ.

‘ಬರೆಯೋ ಹಾಗಿಲ್ಲಮ್ಮ. ನಿಮ್ಮ ನೀರು ಕುಡಿದೆನಲ್ಲ.’

‘ಅಂದ್ರ?’

ವಿವರಿಸಿದೆ. ಅವರು ಬಾಯಿ ತೆರೆದು ಕೇಳಿದರು. ‘ಕುಡೀಲಿಲ್ಲಂತ ನಾವ್ ಹೇಳ್ಲಿಲ್ಲ. ಕುಡದ್ರ ನೀ ಬರಿಯಾಂಗಿಲ್ಲ. ಯಾವ ಶಾಣ್ಯಾ ಮಾಡ್ಯಾನ ಈ ಕಾನೂನ?’

‘ಮೂರು ಜನ ಕೂತು ಮಾಡಿದ್ದು. ಅದರಲ್ಲಿ ನಾನೂ ಒಬ್ಬ.’

ಆ ದುಂಡಿನಲ್ಲಿ ಎದ್ದ ನಗು ಮ್ಯಾನೇಜರ ಕೋಣೆಯವರೆಗೂ ಹೋಗಿರಬೇಕು. ಅವರು ಬಾಗಿಲಿಗೆ ಬಂದು ನಿಂತು ನೋಡಿದರು. ನಾನು ಹೆಂಗಸರಿಗೆ ಮೀಟರಿನ ಮುದ್ರೆಯ ವಿಷಯ ಹೇಳಿದೆ. ‘ಹರಿದರೆ ಗೊತ್ತಾಗುತ್ತದೆ. ನೀವೂ ಒಂದು ಕಣ್ಣಿಟ್ಟಿರಿ’ ಅಂದೆ. ಹಿರಿಯ ಹೆಂಗಸು ಇನ್ನರ್ಧ ರೊಟ್ಟಿ ಹಾಕಿದರು.

ಆ ಸಂಜೆ ರೂಮಿನಲ್ಲಿ ನಮೂನೆಯ ಕೊನೆಯ ಪುಟ ತುಂಬಿದೆ. ಆತಿಥ್ಯ ಸ್ವೀಕರಿಸಿದ್ದೀರಾ, ಹೌದಾದರೆ ವಿವರ. ಇಲ್ಲ ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೆಂಗಸರ ಮಾತೂ ಉಳಿಯುತ್ತಿತ್ತು. ಪೆನ್ನು ಬಹಳ ಹೊತ್ತು ಆ ಸಾಲಿನ ಮೇಲೆ ನಿಂತಿತು. ಸುಳ್ಳು ಬರೆದು ಇನ್ನೊಬ್ಬರ ಸುಳ್ಳಿಗೆ ಅಂಕ ಕಳೆಯುವ ಧೈರ್ಯ ಬರಲಿಲ್ಲ. ‘ಹೌದು. ನೀರು, ಒಂದು ತಂಬಿಗೆ. ರೊಟ್ಟಿ, ಒಂದೂವರೆ. ಪಲ್ಯ, ಹಿಂಡಿ’ ಎಂದು ಬರೆದೆ. ಮರುದಿನ ಬೀಗದ ಕೈ ಒಪ್ಪಿಸಿ ಹೊರಟೆ.

ವರದಿ ರದ್ದಾಯಿತು. ಮೀಟರಿಗೆ ಮುದ್ರೆ ಹಚ್ಚಿದ್ದನ್ನು ಬರೆದು ಮ್ಯಾನೇಜರ ಸಹಿ ಹಾಕಿಸಿದ್ದ ಒಂದು ಪುಟವನ್ನು ಮಾತ್ರ ಮೇಲಧಿಕಾರಿ ಇಟ್ಟುಕೊಂಡರು. ‘ಮೀಟರು ರೊಟ್ಟಿ ತಿಂದಿಲ್ಲವಲ್ಲ ಸರ್’ ಅಂದರು. ನನ್ನನ್ನು ಕಚೇರಿಯ ಒಳಗೆ, ಬೇರೆಯವರು ತುಂಬಿ ತಂದ ನಮೂನೆಗಳ ಕೂಡುವಿಕೆ ಸರಿನೋಡುವ ಮೇಜಿಗೆ ಹಾಕಿದರು. ನೀರಿನ ನಿಯಮ ತಿದ್ದಬೇಕೆಂದು ಎರಡು ಬಾರಿ ಬರೆದುಕೊಟ್ಟೆ. ಪರಿಶೀಲನೆಯಲ್ಲಿದೆ.

ಮೂರು ತಿಂಗಳಾದ ಮೇಲೆ ಬೇರೊಬ್ಬ ಪರೀಕ್ಷಕ ಹುಮನಾಬಾದಿಗೆ ಹೋದ. ಆ ಹಿರಿಯ ಹೆಂಗಸು ಇನ್ನೂ ಕೆಲಸದಲ್ಲಿದ್ದಾರೆಯೇ ಎಂದು ಫೋನಿನಲ್ಲಿ ಕೇಳಿದೆ. ‘ಅದು ನಮೂನೆಯಲ್ಲಿ ಇಲ್ಲ ಸರ್, ಕೇಳಲಿಲ್ಲ’ ಅಂದ. ಮುದ್ರೆ ಹರಿದಿರಲಿಲ್ಲ. ಮೀಟರಿನ ಪ್ರಕಾರ ಆ ಮೂರು ತಿಂಗಳಲ್ಲಿ ಧೂಳಿನ ಯಂತ್ರ ದಿನಕ್ಕೆ ಐದು ತಾಸಿನಂತೆ ನಡೆದಿತ್ತು. ಕೆಲಸ ಎಂಟು ತಾಸಿನದು. ಗಿರಣಿಗೆ ಮೂರು ಎಲೆ ಕೊಟ್ಟರು.